ಯಾನಪರಿಮಾಣ: ಹೆಚ್ಚು ಬೆಲೆಯ ಸೈಕಲ್ಲು ಯಾರಿಗೆ ಬೇಕು?

ಬಾಹ್ಯ ಪರಿಗ್ರಹವನ್ನು ಆಚಾರ್ಯರು ಹತ್ತು ಬಗೆಯಾಗಿ ಎಣಿಸಿದ್ದಾರೆ. ಕ್ಷೇತ್ರ, ವಾಸ್ತು, ಧನ, ಧಾನ್ಯ, ದ್ವಿಪದ, ಚತುಷ್ಪದ, ಯಾನ, ಶಯನಾಸನ, ಕುಪ್ಯ, ಭಾಂಡ ಎಂಬ ಈ ಎಣಿಕೆಯಲ್ಲಿ ಯಾನವೂ, ಎಂದರೆ ವಾಹನವೂ ಸೇರಿದೆ. ಪರಿಗ್ರಹಪರಿಮಾಣ ಅಣುವ್ರತವನ್ನು ಸ್ವೀಕರಿಸುವ ಶ್ರಾವಕರು ಹೊಲ, ಮನೆ, ಬೆಳ್ಳಿ, ಬಂಗಾರಗಳಿಗೆ ಎಲ್ಲೆ ಕಟ್ಟಿಕೊಳ್ಳುವಾಗ ತೋರುವಷ್ಟು ಎಚ್ಚರವನ್ನು ಯಾನದ ವಿಷಯದಲ್ಲಿ ತೋರುವುದು ವಿರಳ. ಕಾರಿನ ಮಾತು ಬಂದಾಗ ಮನೆಯವರೆಲ್ಲ ಕುಳಿತು ಆಲೋಚಿಸುವುದುಂಟು. ಸೈಕಲ್ಲಿನ ಮಾತು ಬಂದರೆ, "ಸೈಕಲ್ಲು ತಾನೆ!" ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹಿಂದಿನ ತಲೆಮಾರಿನಲ್ಲಿ ಆ ಉಪೇಕ್ಷೆಗೆ ಕಾರಣವಿತ್ತು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಗೆ ನೂಲು ಒಯ್ಯುತ್ತಿದ್ದುದೂ, ಹೊಸಕೋಟೆಯ ಸಂತೆಗೆ ಸೊಪ್ಪು ತರುತ್ತಿದ್ದುದೂ ಸುಮಾರು ಇಪ್ಪತ್ತು ಕಿಲೋಗ್ರಾಂ ತೂಕದ ಕರಿಯ ಸೈಕಲ್ಲೇ. ಅದು ದುಡಿಯುವ ಸಾಧನವಾಗಿತ್ತು; ಒಂದು ಕೊಂಡರೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಇಂದಾದರೋ ಸೈಕಲ್ಲು ಎಂಬ ಒಂದೇ ಹೆಸರಿನ ಕೆಳಗೆ ಐದಾರು ಸಾವಿರ ರೂಪಾಯಿನದೂ ಐದಾರು ಲಕ್ಷ ರೂಪಾಯಿನದೂ ಮಾರಾಟಕ್ಕಿವೆ. ಭಾನುವಾರದ ಮುಂಜಾನೆ ದೇವನಹಳ್ಳಿಯ ಮಾರ್ಗವಾಗಿ ನಂದಿಬೆಟ್ಟಕ್ಕೆ ಹೊರಡುವ ಸವಾರರ ಸಾಲನ್ನು ನೋಡಿದವರಿಗೆ ಈ ಮಾತು ವಿವರಿಸಬೇಕಾಗಿಲ್ಲ. ಆ ಸಾಲಿನಲ್ಲಿ ಶ್ರಾವಕ ಮನೆತನಗಳ ತರುಣ ತರುಣಿಯರೂ ಇದ್ದಾರೆ. ಆದುದರಿಂದ ಸೈಕಲ್ಲಿನ ಪರಿಮಾಣವೂ ಈಗ ವಿಚಾರಕ್ಕೆ ಬರಬೇಕಾದ ವಿಷಯವಾಗಿದೆ.

ಪ್ರಶ್ನೆಯ ಸ್ವರೂಪ

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡರೆ ವಿಚಾರ ಸುಲಭವಾಗುತ್ತದೆ. ದೊಡ್ಡಬಳ್ಳಾಪುರದ ಒಬ್ಬ ತರುಣನ ಬಳಿ ೬೦,೦೦೦ ರೂಪಾಯಿಗೆ ಕೊಂಡ ರೋಡ್ ಸೈಕಲ್ಲಿದೆ. ಅದರ ಫ್ರೇಮು ಅಲ್ಯೂಮಿನಿಯಮ್ಮಿನದು, ತೂಕ ೧೦.೫ ಕಿಲೋಗ್ರಾಂ, ಹಿಂದಿನ ಚಕ್ರಕ್ಕೆ ಎಂಟು ಗೇರು. ಎರಡು ವರ್ಷ ಅದರಲ್ಲಿ ಓಡಾಡಿ ಅವನ ಕಾಲಿಗೆ ಬಲ ಬಂದಿದೆ. ಈಗ ೨,೦೦,೦೦೦ ರೂಪಾಯಿಯ ಮತ್ತೊಂದರ ಮೇಲೆ ಮನಸ್ಸಾಗಿದೆ. ಅದು ಕಾರ್ಬನ್ ನಾರಿನಿಂದ ಮಾಡಿದ್ದು, ತೂಕ ೮.೫ ಕಿಲೋಗ್ರಾಂ, ಹಿಂದೆ ಹನ್ನೆರಡು ಗೇರು, ದ್ರವದ ಒತ್ತಡದಿಂದ ಕೆಲಸ ಮಾಡುವ ಡಿಸ್ಕ್ ಬ್ರೇಕು. "ಇದ್ದ ಸೈಕಲ್ಲಿಗೇನಾಗಿದೆ?" ಎಂದು ತಂದೆ ಕೇಳುತ್ತಾರೆ. "ಇದರಲ್ಲಿ ಇನ್ನು ವೇಗ ಬರುವುದಿಲ್ಲಪ್ಪ" ಎಂದು ಮಗ ಉತ್ತರಿಸುತ್ತಾನೆ.

ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಬೆಲೆ ಹೆಚ್ಚಿದ್ದೆಲ್ಲವೂ ವ್ಯರ್ಥವೆಂದು ತಳ್ಳಿಹಾಕುವುದು ವಿವೇಕವಲ್ಲ. ಬೆಲೆ ಹೆಚ್ಚಿದ್ದರಿಂದಲೇ ವೇಗ ಬರುತ್ತದೆಂದು ನಂಬುವುದೂ ವಿವೇಕವಲ್ಲ. ಮೊದಲು ವಸ್ತುವನ್ನು ಇದ್ದಂತೆಯೇ ತಿಳಿಯಬೇಕು. ತಿಳಿದ ಮೇಲೆ ತ್ಯಾಗವೂ ಸ್ವೀಕಾರವೂ ಅರ್ಥವನ್ನು ಪಡೆಯುತ್ತವೆ. ಹೆಚ್ಚಿನ ಹಣ ಕೊಟ್ಟವನಿಗೆ ದೊರೆಯುವುದೇನು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಈ ಪಾಠದ ಮೊದಲನೆಯ ಭಾಗ.

ತೂಕದ ಲೆಕ್ಕ

ಸಮುದ್ರಮಟ್ಟದಿಂದ ೧,೪೭೮ ಮೀಟರು ಎತ್ತರದ ನಂದಿಬೆಟ್ಟವು ಈ ಸೀಮೆಯ ಸವಾರರಿಗೆ ಒರೆಗಲ್ಲಿದ್ದಂತೆ. ಗಣಿತಕ್ಕೆ ಅನುಕೂಲವಾಗುವಂತೆ ಅದರ ಏರುದಾರಿಯನ್ನು ೭ ಕಿಲೋಮೀಟರು ಉದ್ದ, ೪೦೦ ಮೀಟರು ಏರಿಕೆ ಎಂದು ಹಿಡಿಯಬಹುದು. ಸವಾರನ ತೂಕ ೭೦ ಕಿಲೋಗ್ರಾಂ, ಸೈಕಲ್ಲು ೧೦.೫, ನೀರಿನ ಬಾಟಲಿ, ಪಾದರಕ್ಷೆ, ಹೆಲ್ಮೆಟ್ಟು ಮೊದಲಾದವು ೨.೫, ಒಟ್ಟು ೮೩ ಕಿಲೋಗ್ರಾಂ. ಇಷ್ಟು ಭಾರವನ್ನು ೪೦೦ ಮೀಟರು ಮೇಲೆತ್ತಲು ಸುಮಾರು ೩,೨೫,೦೦೦ ಜೂಲ್ ಶಕ್ತಿ ಬೇಕು. ಟಯರಿನ ಉರುಳುವಿಕೆಯ ತಡೆಗೂ ಗಾಳಿಯ ತಡೆಗೂ ತೆರಬೇಕಾದ್ದು ಸೇರಿದರೆ ಒಟ್ಟು ೩,೬೪,೦೦೦ ಜೂಲ್ ಆಗುತ್ತದೆ. ಸಾಧಾರಣ ಅಭ್ಯಾಸವುಳ್ಳವನು ಎಡೆಬಿಡದೆ ೧೫೦ ವಾಟ್ ಬಲದಿಂದ ತುಳಿದರೆ ಸುಮಾರು ೪೦ ನಿಮಿಷಗಳಲ್ಲಿ ಮೇಲೆ ತಲಪುತ್ತಾನೆ.

ಈಗ ಎರಡು ಕಿಲೋಗ್ರಾಂ ಹಗುರವಾದ ಸೈಕಲ್ಲನ್ನು ಅವನ ಕೈಗೆ ಕೊಟ್ಟರೆ ಏನಾಗುತ್ತದೆ? ೮೩ರಲ್ಲಿ ೨ ಕಳೆಯುತ್ತದೆ. ಎಂದರೆ ನೂರಕ್ಕೆ ೨.೪ ಭಾಗ ಮಾತ್ರ. ಉಳಿಯುವ ಶಕ್ತಿ ಸುಮಾರು ೮,೫೦೦ ಜೂಲ್. ಕಾಲಕ್ಕೆ ತಿರುಗಿಸಿದರೆ ೫೭ ಸೆಕೆಂಡು. ನಲವತ್ತು ನಿಮಿಷದ ಏರಿಗೆ ಒಂದು ನಿಮಿಷವೂ ತುಂಬದ ಉಳಿತಾಯ! ಅಂಗಡಿಯಲ್ಲಿ ಎರಡು ಸೈಕಲ್ಲುಗಳನ್ನು ಎರಡು ಕೈಯಲ್ಲಿ ಎತ್ತಿ ನೋಡಿದಾಗ ಐದರಲ್ಲೊಂದು ಪಾಲು ಹಗುರವೆಂದು ತೋರುತ್ತದೆ. ಬೆಟ್ಟ ಹತ್ತುವಾಗ ಮೇಲೇರುವುದು ಬರಿಯ ಸೈಕಲ್ಲಲ್ಲ, ಸವಾರನೂ ಜೊತೆಗಿರುತ್ತಾನೆ. ಕೈಗೆ ತೋರುವ ಹಗುರ ಬೇರೆ, ಕಾಲಿಗೆ ಸಿಗುವ ಹಗುರ ಬೇರೆ. ದೇವನಹಳ್ಳಿಯಿಂದ ಹೊಸಕೋಟೆಯ ಕಡೆಗೆ ಮಟ್ಟಸ ದಾರಿಯಲ್ಲಿ ಸಾಗುವಾಗ ಆ ಎರಡು ಕಿಲೋಗ್ರಾಮಿನ ವ್ಯತ್ಯಾಸವು ಗಮನಕ್ಕೇ ಬರುವುದಿಲ್ಲ.

ಇನ್ನೊಂದು ಸಂಗತಿಯೂ ಸ್ಮರಣೀಯ. ಅಂತಾರಾಷ್ಟ್ರೀಯ ಸೈಕಲ್ ಸಂಸ್ಥೆಯು ಸ್ಪರ್ಧೆಯ ಸೈಕಲ್ಲು ೬.೮ ಕಿಲೋಗ್ರಾಮಿಗಿಂತ ಹಗುರವಾಗಿರಕೂಡದೆಂದು ೨೦೦೦ದಲ್ಲಿ ನಿಯಮ ತಂದಿತು. ಜಗತ್ತಿನ ಅಗ್ರಗಣ್ಯ ಸವಾರರೂ ಹಗುರಕ್ಕೆ ಒಂದು ಎಲ್ಲೆಯನ್ನು ಒಪ್ಪಿ ಸ್ಪರ್ಧಿಸುತ್ತಾರೆ. ಎಲ್ಲೆಯಿಂದ ಅವರ ಆಟ ಕುಂದಿಲ್ಲ.

ಗಾಳಿಯ ಲೆಕ್ಕ

ಮಟ್ಟಸ ನೆಲದಲ್ಲಿ ಸವಾರನಿಗೆ ಎದುರಾಳಿ ತೂಕವಲ್ಲ, ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಅದನ್ನು ಮೀರಲು ಬೇಕಾದ ಬಲ ಎಂಟರಷ್ಟಾಗುತ್ತದೆ. ಗಂಟೆಗೆ ೩೦ ಕಿಲೋಮೀಟರು ವೇಗದಲ್ಲಿ ಸಾಗುವವನು ತುಳಿಯುವ ೧೫೦ ವಾಟ್‌ನಲ್ಲಿ ನೂರಕ್ಕಿಂತ ಹೆಚ್ಚು ವಾಟ್ ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ಆ ಗಾಳಿಗೆ ಅಡ್ಡ ನಿಲ್ಲುವುದು ಬಹುಪಾಲು ಸವಾರನ ಎದೆ, ತೋಳು, ತಲೆಗಳೇ ಹೊರತು ಸೈಕಲ್ಲಿನ ತೆಳುವಾದ ಕೊಳವೆಗಳಲ್ಲ.

ಇದಕ್ಕೆ ಸೈಕಲ್ ಇತಿಹಾಸದಲ್ಲಿ ಒಂದು ನಿದರ್ಶನವಿದೆ. ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ಕ್ರಮಿಸುವ ದಾಖಲೆಯನ್ನು ಬೆಲ್ಜಿಯಮ್ಮಿನ ಎಡ್ಡಿ ಮೆರ್ಕ್ಸ್ ೧೯೭೨ರಲ್ಲಿ ಮೆಕ್ಸಿಕೋ ನಗರದಲ್ಲಿ ಸ್ಥಾಪಿಸಿದನು, ದೂರ ೪೯.೪೩೧ ಕಿಲೋಮೀಟರು. ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ೧೯೯೬ರಲ್ಲಿ ಮ್ಯಾಂಚೆಸ್ಟರಿನಲ್ಲಿ ತೋಳುಗಳನ್ನು ಮುಂದಕ್ಕೆ ಚಾಚಿ ದೇಹವನ್ನು ಬಾಣದಂತೆ ಮಾಡಿಕೊಂಡು ವಿಶೇಷ ಸೈಕಲ್ಲಿನಲ್ಲಿ ೫೬.೩೭೫ ಕಿಲೋಮೀಟರು ಓಡಿದನು. ಅದೇ ಬೋರ್ಡ್‌ಮನ್ ೨೦೦೦ದಲ್ಲಿ ಅದೇ ಊರಿನಲ್ಲಿ, ಮೆರ್ಕ್ಸನ ಕಾಲದ ಮಾದರಿಯ ಸೈಕಲ್ಲಿನಲ್ಲಿ ಆ ಕಾಲದ ಭಂಗಿಯಲ್ಲಿಯೇ ಕುಳಿತು ತುಳಿದಾಗ ಕ್ರಮಿಸಿದ ದೂರ ೪೯.೪೪೧ ಕಿಲೋಮೀಟರು. ಮೆರ್ಕ್ಸನ ದೂರಕ್ಕಿಂತ ಅದು ಹತ್ತು ಮೀಟರು ಮಾತ್ರ ಹೆಚ್ಚು. ಏಳು ಕಿಲೋಮೀಟರಿನ ಅಂತರಕ್ಕೆ ಮುಖ್ಯ ಕಾರಣ ಗಾಳಿಗೆ ಮೈಯೊಡ್ಡುವ ರೀತಿ.

ಹಾಗಾದರೆ ಭಂಗಿಯನ್ನು ತಿದ್ದಿಕೊಳ್ಳುವುದು ಅಗ್ಗದ ಮಾರ್ಗ. ಹ್ಯಾಂಡಲ್ಲಿನ ಕೆಳಗಣ ಬಾಗನ್ನು ಹಿಡಿದು ಮೊಣಕೈಯನ್ನು ಮಡಿಸಿ ಬೆನ್ನನ್ನು ತಗ್ಗಿಸುವುದನ್ನು ಕಲಿತವನು ೩೦ ಕಿಲೋಮೀಟರು ವೇಗದಲ್ಲಿ ಹತ್ತು ಹನ್ನೆರಡು ವಾಟ್ ಉಳಿಸಬಲ್ಲನು. ಇದಕ್ಕೆ ಬೇಕಾದುದು ಅಭ್ಯಾಸವೇ ಹೊರತು ಹಣವಲ್ಲ. ಮೈಗೆ ಅಂಟುವ ಉಡುಪು ಕೂಡ ಪಟಪಟನೆ ಹಾರಾಡುವ ಅಂಗಿಗಿಂತ ಮೇಲು.

ಟಯರು, ಗೇರು, ಸೀಟಿನ ಎತ್ತರ

ಅಗ್ಗದ ಟಯರಿನ ಉರುಳುವಿಕೆಯ ತಡೆ ಭಾರದ ಸಾವಿರದಲ್ಲಿ ೬ ಪಾಲಿದ್ದು, ಒಳ್ಳೆಯ ಟಯರಿನದು ೪ ಪಾಲೆಂದು ಹಿಡಿದರೆ, ೩೦ ಕಿಲೋಮೀಟರು ವೇಗದಲ್ಲಿ ೧೩ ವಾಟ್ ಉಳಿಯುತ್ತದೆ. ಮೇಲೆ ಹೇಳಿದ ಬೆಟ್ಟದ ಏರಿನಲ್ಲಿ ಉಳಿಯುವುದು ೧೧,೦೦೦ ಜೂಲಿಗೆ ಮೇಲೆ. ಕಾಲದಲ್ಲಿ ೭೬ ಸೆಕೆಂಡು. ಓದುಗರು ಇಲ್ಲಿ ತಡೆದು ನೋಡಬೇಕು. ಎರಡು ಕಿಲೋಗ್ರಾಂ ಹಗುರವಾದ ಸೈಕಲ್ಲು ಉಳಿಸಿಕೊಟ್ಟದ್ದು ೫೭ ಸೆಕೆಂಡು. ಒಂದು ಜೊತೆ ಟಯರು ಉಳಿಸಿಕೊಡುವುದು ೭೬ ಸೆಕೆಂಡು! ಜೊತೆ ಟಯರಿಗೆ ೭,೦೦೦ ರೂಪಾಯಿ ಕೊಟ್ಟರೂ ಅದು ಹೊಸ ಸೈಕಲ್ಲಿನ ಬೆಲೆಯ ಮೂವತ್ತರಲ್ಲೊಂದು ಪಾಲಿಗೆ ಸಮೀಪ. ಟಯರು ಹೇಗೂ ಸವೆದು ಬದಲಿಸಲೇಬೇಕಾದ ವಸ್ತು.

ಫ್ರೇಮಿನಲ್ಲಿ ಎಡೆಯಿದ್ದರೆ ೨೩ ಮಿಲಿಮೀಟರಿನ ಟಯರಿನ ಬದಲು ೨೮ ಮಿಲಿಮೀಟರಿನದನ್ನು ಹಾಕಿ ಗಾಳಿಯನ್ನು ಸ್ವಲ್ಪ ಕಡಿಮೆ ತುಂಬುವುದು ಒಳ್ಳೆಯದು. ನೆಲಮಂಗಲದ ಒಳಹಳ್ಳಿಗಳ ಡಾಂಬರು ಕಿತ್ತ ದಾರಿಯಲ್ಲಿ ಕೈ ಮತ್ತು ಸೊಂಟಕ್ಕೆ ಆಗುವ ಕುಲುಕಾಟ ಇದರಿಂದ ತಗ್ಗುತ್ತದೆ. ಕಾರ್ಬನ್ ಫ್ರೇಮಿನ ಗುಣವೆಂದು ಹೊಗಳುವ ಹಿತದಲ್ಲಿ ಹೆಚ್ಚಿನ ಪಾಲನ್ನು ಅಗಲವಾದ ಟಯರೇ ಕೊಡುತ್ತದೆ.

ಏರಿನಲ್ಲಿ ಮೊಣಕಾಲು ನೋಯುವುದೆಂಬ ದೂರು ಬಹುಮಟ್ಟಿಗೆ ಗೇರಿನದು. ಮುಂದಿನ ಸಣ್ಣ ಚಕ್ರಕ್ಕೆ ೩೪ ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೆ ೨೮ ಹಲ್ಲು ಇದ್ದಾಗ, ನಿಮಿಷಕ್ಕೆ ೭೦ ಸುತ್ತು ತುಳಿಯಬೇಕಾದರೆ ಗಂಟೆಗೆ ಸುಮಾರು ೧೦.೭ ಕಿಲೋಮೀಟರು ವೇಗ ಇರಲೇಬೇಕು. ಅಷ್ಟು ಬಲವಿಲ್ಲದವನು ಒಂದೊಂದು ಸುತ್ತನ್ನೂ ಒತ್ತಿ ಒತ್ತಿ ತುಳಿದು ಮೊಣಕಾಲನ್ನು ನೋಯಿಸಿಕೊಳ್ಳುತ್ತಾನೆ. ಹಿಂದಿನದು ೩೪ ಹಲ್ಲಿನದಾದರೆ ಅದೇ ಸುತ್ತುಗಳಿಗೆ ೮.೮ ಕಿಲೋಮೀಟರು ಸಾಕು. ಗೇರು ಬದಲಿಸುವ ಸಾಧನ ಅಷ್ಟು ದೊಡ್ಡ ಹಲ್ಲಿನ ಚಕ್ರವನ್ನು ತಾಳುವುದೇ ಎಂದು ಮೆಕ್ಯಾನಿಕ್ಕನ್ನು ಕೇಳಿ ಕ್ಯಾಸೆಟ್ಟನ್ನಷ್ಟೇ ಬದಲಿಸಿದರೆ ಆಗುವ ಕೆಲಸಕ್ಕೆ ಸೈಕಲ್ಲನ್ನೇ ಬದಲಿಸಬೇಕಾಗಿಲ್ಲ.

ಸೀಟಿನ ಎತ್ತರವೂ ಹಾಗೆಯೇ. ಸೀಟಿನ ಮೇಲೆ ನೇರವಾಗಿ ಕುಳಿತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಕೆಳಗೆ ತಂದಾಗ ಕಾಲು ನೆಟ್ಟಗಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ಹದವಾಗಿ ಬಾಗುತ್ತದೆ. ಚೈನನ್ನು ಅಳೆಯುವ ಕ್ರಮವನ್ನೂ ಮನೆಯಲ್ಲಿಯೇ ಕಲಿಯಬಹುದು. ಹೊಸ ಚೈನಿನಲ್ಲಿ ಒಂದು ಮೊಳೆಯಿಂದ ಇಪ್ಪತ್ತನಾಲ್ಕು ಕೊಂಡಿ ಎಣಿಸಿದರೆ ಸರಿಯಾಗಿ ೧೨ ಅಂಗುಲ. ಅದು ೧೨ ಅಂಗುಲಕ್ಕೆ ಮೇಲೆ ಅಂಗುಲದ ಹದಿನಾರರಲ್ಲೊಂದು ಪಾಲು ಹಿಗ್ಗಿದ್ದರೆ ಚೈನನ್ನು ಬದಲಿಸಬೇಕು. ಎಂಟರಲ್ಲೊಂದು ಪಾಲು ಹಿಗ್ಗುವವರೆಗೆ ಬಿಟ್ಟರೆ ಹಲ್ಲಿನ ಚಕ್ರಗಳೂ ಸವೆದಿರುತ್ತವೆ. ಆಗ ಗೇರು ಜಾರುತ್ತದೆ. "ಸೈಕಲ್ಲು ಹಳತಾಯಿತು" ಎಂಬ ಮಾತು ಹುಟ್ಟುತ್ತದೆ. ಹಳತಾದುದು ಚೈನು ಮಾತ್ರ.

ಕೊಳ್ಳಲು ಯೋಗ್ಯವಾದ ಕಾರಣಗಳು

ಇಷ್ಟು ಹೇಳಿದ ಮಾತ್ರಕ್ಕೆ ಹೊಸ ಸೈಕಲ್ಲು ಎಂದಿಗೂ ಕೊಳ್ಳಬಾರದೆಂದು ಅರ್ಥವಲ್ಲ. ಕೊಳ್ಳಲು ನ್ಯಾಯವಾದ ಕಾರಣಗಳಿವೆ.

ಮೊದಲನೆಯದು, ಅಳತೆ. ಫ್ರೇಮು ಸವಾರನ ಮೈಯಳತೆಗೆ ಹೊಂದದಿದ್ದರೆ ಸೀಟು, ಹ್ಯಾಂಡಲ್ಲುಗಳನ್ನು ಎಷ್ಟು ಸರಿಪಡಿಸಿದರೂ ಕುತ್ತಿಗೆ ಬೆನ್ನುಗಳ ನೋವು ಹೋಗುವುದಿಲ್ಲ. ಎರಡನೆಯದು, ಸುರಕ್ಷತೆ. ಮಳೆಯಲ್ಲಿಯೂ ಮಂಜಿನಲ್ಲಿಯೂ ಬೆಟ್ಟವಿಳಿಯುವವನಿಗೆ ಒದ್ದೆಯಾದ ರಿಮ್ಮನ್ನು ಹಿಡಿಯುವ ಬ್ರೇಕಿಗಿಂತ ಡಿಸ್ಕ್ ಬ್ರೇಕು ನಂಬಿಕೆಗೆ ಅರ್ಹ; ಹಳೆಯ ಫ್ರೇಮಿಗೆ ಅದನ್ನು ಜೋಡಿಸುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಮೂರನೆಯದು, ಸವೆತ. ಚಕ್ರ, ಗೇರು, ಚೈನು, ಬೇರಿಂಗುಗಳೆಲ್ಲ ಒಟ್ಟಿಗೆ ಸವೆದು, ದುರಸ್ತಿಯ ವೆಚ್ಚ ಸೈಕಲ್ಲಿನ ಬೆಲೆಯ ಅರ್ಧವನ್ನು ಮೀರುವಂತಿದ್ದರೆ ಹೊಸದೇ ಮೇಲು. ನಾಲ್ಕನೆಯದು, ಸ್ಪರ್ಧೆ. ನಿಯಮಿತವಾಗಿ ಪಂದ್ಯಗಳಿಗೆ ಹೋಗಿ ಸೆಕೆಂಡುಗಳ ಅಂತರದಲ್ಲಿ ಸೋಲು ಗೆಲುವು ಕಾಣುತ್ತಿರುವವನಿಗೆ ೫೭ ಸೆಕೆಂಡು ಸಣ್ಣದಲ್ಲ.

ಈ ನಾಲ್ಕರಲ್ಲಿ ಒಂದೂ ಇಲ್ಲದವನು ಕೊಳ್ಳುವುದು ಬಯಕೆಯಿಂದ. ಬಯಕೆಯನ್ನು ಬಯಕೆಯೆಂದು ಒಪ್ಪಿಕೊಂಡರೆ ಅದಕ್ಕೆ ಎಲ್ಲೆ ಹಾಕಬಹುದು. ಅಗತ್ಯವೆಂಬ ಹೆಸರಿಟ್ಟುಬಿಟ್ಟರೆ ಎಲ್ಲೆ ಹಾಕುವ ಸ್ಥಾನವೇ ತಪ್ಪಿಹೋಗುತ್ತದೆ.

ಮನೆಯ ಲೆಕ್ಕ

ಬೆಲೆಯನ್ನು ಬಳಕೆಯಿಂದ ಭಾಗಿಸಿ ನೋಡುವುದು ಮನೆವಾರ್ತೆಯ ರೂಢಿ. ೨,೦೦,೦೦೦ ರೂಪಾಯಿಯ ಸೈಕಲ್ಲು ಐದು ವರ್ಷಗಳ ಮೇಲೆ ೮೦,೦೦೦ಕ್ಕೆ ಮಾರಿಹೋದರೆ ಕಳೆದುದು ೧,೨೦,೦೦೦. ಇಂದು ೩೦,೦೦೦ ಬೆಲೆ ಬಾಳುವ ಹಳೆಯದನ್ನೇ ಇಟ್ಟುಕೊಂಡು ಐದು ವರ್ಷಗಳ ಮೇಲೆ ೧೦,೦೦೦ಕ್ಕೆ ಮಾರಿದರೆ ಕಳೆದುದು ೨೦,೦೦೦. ಎರಡರ ಅಂತರ ಒಂದು ಲಕ್ಷ. ವಾರಕ್ಕೆ ೬೦ ಕಿಲೋಮೀಟರಿನಂತೆ ವರ್ಷಕ್ಕೆ ೫೦ ವಾರ ಓಡಿಸುವವನಿಗೆ ಐದು ವರ್ಷದಲ್ಲಿ ೧೫,೦೦೦ ಕಿಲೋಮೀಟರು. ಪ್ರತಿ ಕಿಲೋಮೀಟರಿಗೂ ಹೆಚ್ಚುವರಿಯಾಗಿ ಬೀಳುವುದು ೬ ರೂಪಾಯಿ ೬೭ ಪೈಸೆ. ಆರಂಭದ ಉತ್ಸಾಹವಿಳಿದು ತಿಂಗಳಿಗೆ ೫೦ ಕಿಲೋಮೀಟರಿಗೆ ಬಂದು ನಿಂತವನಿಗೆ ಅದೇ ೩೩ ರೂಪಾಯಿಗೆ ಮೇಲಾಗುತ್ತದೆ. ತಿಂಗಳಿಗೊಮ್ಮೆ ಬೆಟ್ಟ ಹತ್ತುವವನು ಐದು ವರ್ಷದಲ್ಲಿ ಅರವತ್ತು ಸಲ ಹತ್ತುತ್ತಾನೆ. ಸಲಕ್ಕೊಂದು ನಿಮಿಷದಂತೆ ಅವನು ಉಳಿಸುವುದು ಒಟ್ಟು ಒಂದು ಗಂಟೆ. ಆ ಒಂದು ಗಂಟೆಯ ಬೆಲೆ ಒಂದು ಲಕ್ಷ ರೂಪಾಯಿ.

ಇದಲ್ಲದೆ ಬೆಲೆಯ ವಸ್ತುವಿನ ಸೇವೆಯೂ ಬೆಲೆಯದೇ. ಎಂಟು ಗೇರಿನ ಚೈನು, ಕ್ಯಾಸೆಟ್ಟುಗಳಿಗಿಂತ ಹನ್ನೆರಡು ಗೇರಿನವು ಬಹಳ ದುಬಾರಿ. ಸವೆಯುವುದು ಮಾತ್ರ ಎರಡೂ ಸವೆಯುತ್ತವೆ. ಕಾರ್ಬನ್ ಫ್ರೇಮಿಗೆ ಬಿದ್ದ ಪೆಟ್ಟು ಮೇಲೆ ಕಾಣದೆ ಒಳಗೆ ಬಿರುಕು ಬಿಟ್ಟಿರಬಹುದು. ಆದುದರಿಂದ ಬಳಸಿದ ಕಾರ್ಬನ್ ಸೈಕಲ್ಲನ್ನು ಕೊಳ್ಳುವವರು ಬಲ್ಲವರಿಂದ ಪರೀಕ್ಷೆ ಮಾಡಿಸದೆ ಕೊಳ್ಳಕೂಡದು. ಹೊರಗೆ ನಿಲ್ಲಿಸಿ ಅಂಗಡಿಯೊಳಗೆ ಹೋಗಲು ಮನಸ್ಸು ಬಾರದೆ ಸೈಕಲ್ಲಿಗೆ ಕಾವಲು ಕಾಯುವ ಸ್ಥಿತಿಯೂ ಒಂದು ವೆಚ್ಚವೇ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹದ ಲಕ್ಷಣವನ್ನು ಮೂರ್ಛೆಯೆಂದು, ಎಂದರೆ ಮಮತ್ವವೆಂದು ನಿರೂಪಿಸಿರುವುದರ ಮರ್ಮ ಇಂಥ ಕಡೆ ತಿಳಿಯುತ್ತದೆ.

ಐದು ಅತಿಚಾರಗಳ ಬೆಳಕಿನಲ್ಲಿ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣಕ್ಕೆ ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ ಎಂಬ ಐದು ಅತಿಚಾರಗಳನ್ನು ಹೇಳಿದ್ದಾರೆ. ಮೇಲಿನ ಲೆಕ್ಕಗಳನ್ನು ತಿಳಿದವನು ಈ ಐದನ್ನು ಐದು ಪ್ರಶ್ನೆಗಳಾಗಿ ತನ್ನ ಮುಂದಿಟ್ಟುಕೊಳ್ಳಬಹುದು.

ಅತಿವಾಹನವನ್ನು ಪ್ರಯೋಜನಕ್ಕಿಂತ ಹೆಚ್ಚು ವಾಹನಗಳನ್ನಿಡುವುದು ಎಂದು ಕೆಲವರೂ, ಲೋಭದಿಂದ ಎತ್ತು ಮೊದಲಾದ ಪ್ರಾಣಿಗಳನ್ನು ಶಕ್ತಿಮೀರಿ ನಡೆಸುವುದು ಎಂದು ಕೆಲವರೂ ಅರ್ಥ ಮಾಡುತ್ತಾರೆ. ಮೊದಲನೆಯ ಅರ್ಥದಲ್ಲಿ ಪ್ರಶ್ನೆ ಹೀಗೆ: ಹೊಸದು ಬಂದ ಮೇಲೆ ಹಳೆಯದು ಮನೆಯಿಂದ ಹೋಗುತ್ತದೆಯೇ, ಅಥವಾ ಮಹಡಿಯ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತ ನಿಲ್ಲುತ್ತದೆಯೇ? ಎರಡನೆಯ ಅರ್ಥದಲ್ಲಿ ಹೊರೆ ಹೊರುವ ಪ್ರಾಣಿ ಸವಾರನ ದೇಹವೇ. ಹೊಸ ಯಂತ್ರದ ಬೆಲೆಯನ್ನು ಸಾರ್ಥಕಪಡಿಸಬೇಕೆಂದು ನಿದ್ರೆಗೆಟ್ಟು, ಮೊಣಕಾಲು ನೋಯುತ್ತಿದ್ದರೂ ಅದನ್ನು ದುಡಿಸುವುದು ಆ ದೋಷದ ಛಾಯೆ.

ಅತಿಸಂಗ್ರಹದ ಪ್ರಶ್ನೆ ಬಿಡಿಭಾಗಗಳದು. ಒಂದು ಸೈಕಲ್ಲಿನ ಹಿಂದೆ ಎರಡನೆಯ ಜೊತೆ ಚಕ್ರ, ಮೂರನೆಯ ಸೀಟು, ನಾಲ್ಕನೆಯ ಹೆಲ್ಮೆಟ್ಟು ಬರುವುದನ್ನು ತಡೆಯುವ ಎಲ್ಲೆಯನ್ನು ಮೊದಲೇ ಹಾಕಿಕೊಂಡಿದೆಯೇ?

ವಿಸ್ಮಯವೆಂದರೆ ಪರರ ಸಂಪತ್ತನ್ನು ಕಂಡು ಬೆರಗಾಗಿ ತನ್ನದಕ್ಕೆ ವಿಷಾದಪಡುವುದು. ಬೆಟ್ಟದ ದಾರಿಯಲ್ಲಿ ಒಬ್ಬನು ಹಿಂದಿನಿಂದ ಬಂದು ಮುಂದೆ ಹೋದಾಗ ಕಣ್ಣು ಮೊದಲು ಹರಿಯುವುದು ಅವನ ಸೈಕಲ್ಲಿನ ಮೇಲೆ. ಅವನು ಐದು ವರ್ಷ ಬೆಳಗ್ಗೆ ಎದ್ದು ತುಳಿದ ಅಭ್ಯಾಸ ಕಣ್ಣಿಗೆ ಕಾಣುವುದಿಲ್ಲ. ಸಂಗಡಿಗರ ನಡುವೆ ಹುಟ್ಟಿದ ಬಯಕೆ ಒಬ್ಬನೇ ಓಡಿಸುವಾಗಲೂ ಉಳಿದಿದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು.

ಲೋಭದ ಪ್ರಶ್ನೆ ಮುಂದಿನದು. ಎರಡು ಲಕ್ಷದ್ದು ಬಂದ ಮೇಲೆ ನಾಲ್ಕು ಲಕ್ಷದ್ದರ ಕಡೆಗೆ ದೃಷ್ಟಿ ಹರಿಯದೆಂಬ ಭರವಸೆ ಇದೆಯೇ? ಎಂಟು ಗೇರಿನಲ್ಲಿ ತೃಪ್ತನಾಗದವನು ಹನ್ನೆರಡರಲ್ಲಿ ತೃಪ್ತನಾಗುವನೆಂಬುದಕ್ಕೆ ಪ್ರಮಾಣವೇನು?

ಅತಿಭಾರವಹನವು ಮೂಲದಲ್ಲಿ ಮೂಕಪ್ರಾಣಿಗಳ ಮೇಲೆ ಹೇರುವ ಮಿತಿಮೀರಿದ ಹೊರೆ. ಇಂದು ಕಂತಿನ ಸಾಲದಿಂದ ಕೊಂಡ ವಿನೋದದ ವಸ್ತುವಿನ ಹೊರೆ ಮನೆಯವರ ಮೇಲೆ ಬೀಳುತ್ತದೆ. ಅವರಲ್ಲಿ ಕೆಲವರು ಬಾಯಿಬಿಟ್ಟು ಹೇಳಲಾರದವರು. ತಂಗಿಯ ಓದಿನ ಹಣವೋ ತಾಯಿಯ ಕಣ್ಣಿನ ಚಿಕಿತ್ಸೆಯೋ ಒಂದು ವರ್ಷ ಮುಂದೆ ಹೋಗುವಂತಿದ್ದರೆ ಉಳಿದ ನಾಲ್ಕು ಪ್ರಶ್ನೆಗಳನ್ನು ಕೇಳುವ ಅಗತ್ಯವೇ ಇಲ್ಲ.

ಆಚರಣೆಯ ಕ್ರಮ

ಆಸೆ ಹುಟ್ಟಿದ ದಿನವೇ ಅಂಗಡಿಗೆ ಹೋಗಬಾರದು. ಒಂದು ಚಾತುರ್ಮಾಸದ ಕಾಲ ತಡೆಯುವುದು ಯೋಗ್ಯವಾದ ಅವಧಿ. ಆ ನಾಲ್ಕು ತಿಂಗಳಲ್ಲಿ ಹಳೆಯ ಸೈಕಲ್ಲಿನ ಚೈನನ್ನು ಅಳೆದು, ಸೀಟಿನ ಎತ್ತರವನ್ನು ಸರಿಪಡಿಸಿ, ಟಯರನ್ನೂ ಬೇಕಿದ್ದರೆ ಕ್ಯಾಸೆಟ್ಟನ್ನೂ ಬದಲಿಸಿ, ಪ್ರತಿಯೊಂದು ಬದಲಾವಣೆಯ ಹಿಂದೆ ಮುಂದೆ ಒಂದೇ ದಾರಿಯಲ್ಲಿ ಹಿಡಿದ ಕಾಲವನ್ನು ಪುಸ್ತಕದಲ್ಲಿ ಬರೆದಿಡಬೇಕು. ವಾರಕ್ಕೆ ಎಷ್ಟು ದಿನ, ಎಷ್ಟು ದೂರ ಓಡಿಸಿತೆಂಬುದನ್ನೂ ಬರೆಯಬೇಕು. ಹಲವರ ಆಸೆ ಆ ಪುಸ್ತಕದಲ್ಲಿಯೇ ಶಮನವಾಗುತ್ತದೆ. ಶಮನವಾಗದೆ ಉಳಿದು, ನಾಲ್ಕು ಕಾರಣಗಳಲ್ಲೊಂದು ನಿಜವಾಗಿಯೂ ಕಂಡುಬಂದರೆ, ಆಗ ಕೊಳ್ಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಪರಿಮಾಣವನ್ನು ರೂಪಾಯಿಯ ಮೊತ್ತದಲ್ಲಿ ಮಾಡಿಕೊಂಡವರು ಸೈಕಲ್ಲಿನ ಬೆಲೆಯನ್ನೂ ಆ ಮೊತ್ತದೊಳಗೆ ಹಿಡಿಯಬೇಕು. ಕೊಂಡ ಮೇಲೆ ಎಲ್ಲೆಯನ್ನು ಹಿಗ್ಗಿಸುವುದು ವ್ರತವನ್ನು ವಸ್ತುವಿಗೆ ತಕ್ಕಂತೆ ಹೊಲಿಸಿದಂತಾಗುತ್ತದೆ. ಯಾನಗಳನ್ನು ಎಣಿಕೆಯಲ್ಲಿ ಕಟ್ಟಿಕೊಂಡವರಿಗೆ ನಿಯಮ ಸರಳ: ಒಂದು ಬಂದರೆ ಒಂದು ಹೋಗಬೇಕು. ಹಳೆಯದನ್ನು ದುರಸ್ತಿ ಮಾಡಿಸಿ, ಶಾಲೆಗೋ ಕೆಲಸಕ್ಕೋ ನಡೆದುಹೋಗುವ ಒಬ್ಬರಿಗೆ ಕೊಟ್ಟರೆ ದಾನವೂ ಆಯಿತು. ದೇಶವ್ರತದಲ್ಲಿರುವವರು ಆ ಅವಧಿಯಲ್ಲಿ ತಾವು ಗೊತ್ತುಮಾಡಿಕೊಂಡ ಊರು, ಬೆಟ್ಟ, ಹೊಳೆಗಳ ಎಲ್ಲೆಯನ್ನು ಸೈಕಲ್ಲಿನ ಮೇಲೂ ಮೀರುವಂತಿಲ್ಲ.

ಇನ್ನು ಎರಡು ಎಚ್ಚರಿಕೆಗಳು. ಸೀಟು, ಕೈಚೀಲ, ಹ್ಯಾಂಡಲ್ಲಿನ ಸುತ್ತು, ಕೈಗವಸುಗಳಲ್ಲಿ ಚರ್ಮ ಬಳಸಿದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಬೇಕು. ಬೆಲೆ ಹೆಚ್ಚಿದ ಸೀಟುಗಳಲ್ಲಿ ಕೆಲವು ಪೂರ್ತಿ ಚರ್ಮದವು. ಕೃತಕ ವಸ್ತುವಿನವು ಧಾರಾಳವಾಗಿ ಸಿಗುತ್ತವೆ. ಎರಡನೆಯದಾಗಿ, ಮೈ ಹಗುರವಾದರೆ ಬೆಟ್ಟ ಸುಲಭವಾಗುತ್ತದೆಂಬ ಲೆಕ್ಕದಿಂದ ಉಪವಾಸವನ್ನು ತೂಕ ಇಳಿಸುವ ಉಪಾಯವಾಗಿ ಮಾಡಬಾರದು. ಉಪವಾಸದ ಉದ್ದೇಶ ಕರ್ಮನಿರ್ಜರೆ. ಪ್ರೋಷಧದ ದಿನ ಆರಂಭಗಳನ್ನು ಬಿಡಬೇಕೆಂಬ ವಿಧಿ ಇರುವುದರಿಂದ ಅಷ್ಟಮಿ, ಚತುರ್ದಶಿಗಳಂದು ಉಪವಾಸವಿದ್ದು ಬೆಟ್ಟಕ್ಕೆ ಹೋಗುವುದು ವ್ರತಕ್ಕೂ ಹೊಂದದು, ನೀರಿಲ್ಲದ ದೇಹಕ್ಕೂ ಹಿತವಲ್ಲ.

ಸೈಕಲ್ಲು ಸ್ವತಃ ಅಲ್ಪಾರಂಭದ ಯಾನ. ಅದು ಹೊಗೆಯುಗುಳುವುದಿಲ್ಲ, ಎಣ್ಣೆ ಬೇಡುವುದಿಲ್ಲ, ನಿಧಾನವಾಗಿ ಸಾಗುವವನಿಗೆ ದಾರಿಯ ಸಣ್ಣ ಜೀವಿಗಳನ್ನು ಕಂಡು ತಪ್ಪಿಸಿಕೊಳ್ಳುವ ಅವಕಾಶ ಕೊಡುತ್ತದೆ. ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಹೋಬಳಿಯ ಮಣ್ಣೆ ಗ್ರಾಮವು ಗಂಗರ ಕಾಲದ ಮಾನ್ಯಪುರ. ಮಾರಸಿಂಹನ ಸೇನಾಪತಿ ಶ್ರೀವಿಜಯನು ಅಲ್ಲಿ ಜಿನಾಲಯ ಕಟ್ಟಿಸಿದ ಸಂಗತಿಯನ್ನು ಕ್ರಿ.ಶ. ೭೯೭ರ ತಾಮ್ರಶಾಸನ ತಿಳಿಸುತ್ತದೆ. ದೊಡ್ಡಬಳ್ಳಾಪುರದ ತರುಣನು ಒಂದು ಬೆಳಗ್ಗೆ ಅಲ್ಲಿಗೆ ಹೋಗಿಬರಲು ಅವನ ಎಂಟು ಗೇರಿನ ಸೈಕಲ್ಲು ಸಾಕು. ಅಂಥ ದಾರಿಗಳು ಅವನ ಸುತ್ತ ಎಷ್ಟಿವೆ, ಅವುಗಳಲ್ಲಿ ಎಷ್ಟನ್ನು ಅವನು ನೋಡಿದ್ದಾನೆ ಎಂಬುದನ್ನು ಮೊದಲು ಎಣಿಸಲಿ. ಗೇರನ್ನು ಆಮೇಲೆ ಎಣಿಸಬಹುದು.

ಮನನಕ್ಕೆ ಪ್ರಶ್ನೆಗಳು

೧. ಮನೆಯಲ್ಲಿರುವ ಯಾನಗಳೆಷ್ಟು? ಅವುಗಳಲ್ಲಿ ಕಳೆದ ತಿಂಗಳು ಬಳಕೆಯಾದವು ಎಷ್ಟು?

೨. ಸವಾರನ ತೂಕ ೬೦ ಕಿಲೋಗ್ರಾಂ, ಸೈಕಲ್ಲು ಮತ್ತು ಉಳಿದ ಸಾಮಾನು ೧೩ ಕಿಲೋಗ್ರಾಂ ಆದರೆ, ೧ ಕಿಲೋಗ್ರಾಂ ಹಗುರ ಮಾಡುವುದರಿಂದ ನೂರಕ್ಕೆ ಎಷ್ಟು ಪಾಲು ಉಳಿಯುತ್ತದೆ?

೩. ಕೊಳ್ಳಲು ಯೋಗ್ಯವಾದ ನಾಲ್ಕು ಕಾರಣಗಳಲ್ಲಿ ತಮ್ಮ ಮನೆಯ ಬಯಕೆಗೆ ಅನ್ವಯಿಸುವುದು ಯಾವುದು?

೪. ವಿಸ್ಮಯ, ಲೋಭ ಇವೆರಡಕ್ಕೂ ಇರುವ ಭೇದವನ್ನು ನಿತ್ಯಜೀವನದ ಒಂದೊಂದು ದೃಷ್ಟಾಂತದಿಂದ ತಿಳಿಸಿ.